ಫೋಟೋಗೆ ಮೊದಲೇ ತೆಗೆದ ಪೇಟ

ನಾನೊಂದು ಪೇಟ. ಮೈಸೂರು ಪೇಟ ಎಂದ ಕೂಡಲೇ ಹಳೆಯ ಚಿತ್ರಪಟಗಳ ರಾಜರನ್ನು ನೆನೆದು ನೀವು ಕೈಮುಗಿಯಬೇಕಾಗಿಲ್ಲ. ತಲೆಯ ಅಳತೆ ನೋಡಿ, ಮಡಿಕೆ ಮಡಿಕೆಯಾಗಿ ಸುತ್ತಿ ಕಟ್ಟಿದ ಪೇಟ ನಾನಲ್ಲ. ಟೊಪ್ಪಿಗೆಯ ಹಾಗೆ ಇಟ್ಟು ತೆಗೆಯುವ ಸಿದ್ಧ ಪೇಟ. ಒಳಗೆ ರಟ್ಟು, ರಟ್ಟಿನ ಮೇಲೆ ಸ್ಪಂಜು, ಅದರ ಮೇಲೆ ಬಿಳಿ ಬಟ್ಟೆ, ಅಂಚಿಗೆ ಜರಿ. ಸಭೆಗಳಲ್ಲಿ ‘ಈಗ ಸನ್ಮಾನ’ ಎಂದು ಮೈಕಿನಲ್ಲಿ ಕೂಗಿದಾಗ ತಟ್ಟೆಯಲ್ಲಿ ಬರುತ್ತದಲ್ಲ, ಅದೇ ನಾನು.

ಹುಟ್ಟಿದ್ದು ಮೈಸೂರಿನ ಒಂದು ವಠಾರದ ಮನೆಯಲ್ಲಿ. ಸಾಕಮ್ಮ ಎಂಬ ಹೆಂಗಸು ನನ್ನನ್ನು ಹೊಲಿದರು. ಆಕೆಯ ಬಳಿ ಅಳತೆಗೆಂದು ಮರದ ತಲೆ ಇರಲಿಲ್ಲ. ತಮ್ಮ ಮೊಣಕಾಲನ್ನೇ ಮಡಿಸಿ, ಅದರ ಮೇಲೆ ರಟ್ಟು ಬಗ್ಗಿಸಿ, ಗೋಂದು ಹಚ್ಚಿ, ಜರಿ ಎಳೆದು ಹೊಲಿಗೆ ಹಾಕುತ್ತಿದ್ದರು. ಹಾಗಾಗಿ ನಾನು ಮೊದಲು ಕೂತದ್ದು ತಲೆಯ ಮೇಲಲ್ಲ, ಮೊಣಕಾಲಿನ ಮೇಲೆ. ಇದನ್ನು ಈವರೆಗೆ ಯಾರಿಗೂ ಹೇಳಿಕೊಂಡಿರಲಿಲ್ಲ. ಕೊನೆಯ ದಾರ ಕಡಿದ ಮೇಲೆ ಆಕೆ, “ಯಾವ ಪುಣ್ಯಾತ್ಮನ ತಲೆಗೆ ಹೋಗ್ತೀಯೋ, ಹೋಗಪ್ಪ,” ಅಂದರು. ನನ್ನ ಜಂಬ ಶುರುವಾದದ್ದು ಆ ಮಾತಿನಿಂದ. ಪುಣ್ಯಾತ್ಮರ ತಲೆಗಷ್ಟೇ ನಾನು ಎಂದು ನಂಬಿಬಿಟ್ಟೆ.

ಅಲ್ಲಿಂದ ಅಂಗಡಿಗೆ ಹೋದೆ, ಅಂಗಡಿಯಿಂದ ಹುಬ್ಬಳ್ಳಿಗೆ ಬಂದೆ. ಸ್ನೇಹಸಂಗಮ ಮಿತ್ರ ಮಂಡಳಿ ಎಂಬ ಸಂಸ್ಥೆಯ ಕಪಾಟಿನಲ್ಲಿ ನನ್ನ ವಾಸ. ಕಾರ್ಯದರ್ಶಿ ಅಶೋಕ ಹಂಚಿನಮನಿಯವರು ಬ್ಯಾಂಕಿನಿಂದ ನಿವೃತ್ತರಾದವರು, ಸನ್ಮಾನ ಮಾಡುವುದೆಂದರೆ ಅವರಿಗೆ ಊಟಕ್ಕಿಂತ ಹೆಚ್ಚು. ಮೊದಲ ವಾರ್ಷಿಕೋತ್ಸವದ ದಿನ ನನ್ನನ್ನು ಒಬ್ಬ ಡಾಕ್ಟರ ತಲೆಗೆ ಇಟ್ಟರು. ಚಪ್ಪಾಳೆ ಬಿತ್ತು, ಫೋಟೋ ಆಯಿತು. ಇನ್ನು ಇವರ ಮನೆಯೇ ನನ್ನ ಮನೆ, ಗಾಜಿನ ಕಪಾಟಿನಲ್ಲಿ ಕೂತು ಬಂದವರಿಗೆಲ್ಲ ಕಾಣಿಸಿಕೊಳ್ಳುತ್ತೇನೆ ಎಂದುಕೊಳ್ಳುತ್ತಿರುವಾಗಲೇ ಹಂಚಿನಮನಿಯವರ ಕೈ ಬಂತು. ಮೆಲ್ಲಗೆ ನನ್ನನ್ನು ಎತ್ತಿಕೊಂಡು, ಪಕ್ಕದ ಕುರ್ಚಿಯಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರ ತಲೆಗೆ ಇಟ್ಟರು. ಮತ್ತೆ ಫೋಟೋ. ಮತ್ತೆ ಕೈ. ಶಾಲು, ಹಣ್ಣಿನ ಬುಟ್ಟಿ ಸನ್ಮಾನಿತರ ಪಾಲಿಗೆ, ಪೇಟ ಮಾತ್ರ ಮಂಡಳಿಯದು. ಅದು ಇಲ್ಲಿನ ಪದ್ಧತಿ. ಆ ದಿನ ನನಗೆ ಮೊದಲ ಸಲ ನಾಚಿಕೆಯಾಯಿತು. ಊರ ಮುಂದೆ ಕೊಟ್ಟದ್ದನ್ನು ಊರ ಮುಂದೆಯೇ ಕಸಿದುಕೊಳ್ಳುವುದು ಎಂಥ ಗೌರವವೋ ನನಗೆ ತಿಳಿಯಲಿಲ್ಲ.

ಆಮೇಲೆ ರೂಢಿಯಾಯಿತು. ನಾಚಿಕೆಗೂ ರೂಢಿ ಎಂಬುದಿದೆ. ಜನರನ್ನು ನಾನು ಬಲ್ಲದ್ದು ನೆತ್ತಿಯಿಂದ. ಕೆಲವು ನೆತ್ತಿಗಳಲ್ಲಿ ಕೊಬ್ಬರಿ ಎಣ್ಣೆ, ಕೆಲವುಗಳಲ್ಲಿ ಆಗಷ್ಟೇ ಹಚ್ಚಿಕೊಂಡ ಕಪ್ಪು ಬಣ್ಣ. ಅದು ನನ್ನ ಒಳಬಟ್ಟೆಗೆ ಹತ್ತಿಕೊಂಡು ಇವತ್ತಿಗೂ ಹೋಗಿಲ್ಲ. ಮೈಕಿನಲ್ಲಿ ‘ಕೊಡುಗೈ ದಾನಿ’ ಎಂದು ಕೂಗುತ್ತಿರುವಾಗ ಕೆಳಗಿನ ತಲೆ ತನ್ನ ಹೆಸರಿನ ಮುಂದೆ ‘ಶ್ರೀಯುತ’ ಬಿಟ್ಟುಹೋಯಿತೆಂದು ಸಿಟ್ಟಿನಿಂದ ಬಿಸಿಯಾಗುತ್ತಿರುತ್ತಿತ್ತು. ನಾನು ಸುಮ್ಮನೆ ಕೂತಿರುತ್ತಿದ್ದೆ. ಕೂರುವುದು ಬಿಟ್ಟರೆ ನನಗೆ ಬೇರೆ ಕೆಲಸ ಎಲ್ಲಿದೆ?

ಒಂದು ಬೇಸಿಗೆಯ ಆರಂಭದಲ್ಲಿ ಮಂಡಳಿಯ ಕೋಣೆಯಲ್ಲಿ ಗದ್ದಲವೋ ಗದ್ದಲ. ಹಂಚಿನಮನಿಯವರು ಪೇಪರ್ ಹಿಡಿದು ಓದುತ್ತಿದ್ದರು. ನಮ್ಮೂರಿನ ರೋಹಿಣಿ ಬಡಿಗೇರ ಎಂಬ ಹುಡುಗಿ ಹೊರದೇಶದ ಚಳಿಗಾಲದ ಕ್ರೀಡಾಕೂಟಕ್ಕೆ ಹೋಗಿದ್ದಳಂತೆ. ಬೂಟಿನಡಿ ಕತ್ತಿಯಂಥ ಅಲಗು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಸುತ್ತು ಹೊಡೆಯುವ ಓಟವಂತೆ. ‘ಮೂರನೇ ಸ್ಥಾನ’ ಎಂದು ಪೇಪರಿನಲ್ಲಿ ಬಂದಿತ್ತು.

“ಹುಬ್ಬಳ್ಳ್ಯಾಗ ಐಸ್ ಅಂದ್ರ ಕಬ್ಬಿನ ಹಾಲಿಗೆ ಹಾಕೂದು. ಈಕಿ ಅದರ ಮ್ಯಾಲೆ ಓಡಿ ಕಂಚು ತಂದಾಳ ನೋಡ್ರಿ,” ಅಂದರು ಹಂಚಿನಮನಿಯವರು.

ಮೂರನೇ ಸ್ಥಾನ ಎಂದರೆ ಕಂಚು. ಇದರಲ್ಲಿ ಕೇಳುವುದೇನಿದೆ ಎಂದು ಎಲ್ಲರೂ ಅಂದುಕೊಂಡರು. ನಾನೂ ಅಂದುಕೊಂಡೆ.

ಹುಡುಗಿಯ ತಂದೆಯನ್ನು ಕರೆಸಿದರು. ಗಂಗಾಧರ ಬಡಿಗೇರ. ಬಾಗಿಲು, ಕಪಾಟುಗಳಿಗೆ ಸನ್‌ಮೈಕಾ ಅಂಟಿಸುವ ಕೆಲಸದವನು. ಕೂದಲಲ್ಲಿ ಮರದ ಪುಡಿ ಇತ್ತು. ಕುರ್ಚಿಯ ತುದಿಯಲ್ಲಿ ಕೂತ.

“ಐಸ್ ಇಲ್ಲದ ಊರಾಗ ಹೆಂಗ ಕಲಿತ್ಲಪ್ಪ ನಿನ್ನ ಮಗಳು?” ಎಂದು ಹಂಚಿನಮನಿಯವರು ಕೇಳಿದರು.

“ಸಣ್ಣಾಕಿ ಇದ್ದಾಗ ಗಾಲಿ ಸ್ಕೇಟಿಂಗ್ ಮಾಡತಿದ್ಲರಿ. ಆಮ್ಯಾಲೆ ಮನ್ಯಾಗ ನಾನ ಒಂದು ಹಲಗೀ ಮಾಡಿ ಕೊಟ್ಟೆ. ಮ್ಯಾಲೆ ನುಣ್ಣಂದು ಸನ್‌ಮೈಕಾ, ಎರಡೂ ತುದೀಗೆ ಕಟ್ಟಿಗಿ. ಸಾಕ್ಸ್ ಹಾಕ್ಕೊಂಡು ಆ ಕಡಿಂದ ಈ ಕಡೆ ಜಾರತಾಳ್ರಿ. ಉತ್ತರದ ಕಡೆ ಕ್ಯಾಂಪಿಗೆ ಹೋದಾಗಷ್ಟ ಖರೇ ಐಸ್. ಉಳಿದ ದಿನ ಅದ ಹಲಗೀನ ಐಸ್.”

ಹೇಳುವಾಗ ಅವನ ಬೆನ್ನು ನೆಟ್ಟಗಾಯಿತು. ಕೆಲಸದ ಜಾಗದ ಮಂದಿಯನ್ನೆಲ್ಲ ಸಭೆಗೆ ಕರೆತರುತ್ತೇನೆ ಎಂದು ಹೇಳಿ ಹೋದ.

ಸಭೆಯ ಸಂಜೆ ರೋಹಿಣಿ ರೈಲಿನಿಂದ ಇಳಿದವಳು ಮನೆಗೂ ಹೋಗದೆ ಸೀದಾ ವೇದಿಕೆಯ ಹಿಂದಕ್ಕೆ ಬಂದಳು. ನಾನು ತಟ್ಟೆಯಲ್ಲಿ ಶಾಲಿನ ಪಕ್ಕ ಕಾಯುತ್ತಿದ್ದೆ. ಗಟ್ಟಿ ಕಾಲುಗಳ, ಸಣ್ಣ ಮುಖದ ಹುಡುಗಿ. ಬರುವಾಗಲೇ ಬ್ಯಾನರ್ ನೋಡಿದ್ದಳು. ‘ಕಂಚಿನ ಪದಕ ವಿಜೇತೆ’ ಎಂದು ಅವಳ ಮುಖಕ್ಕಿಂತ ದೊಡ್ಡ ಅಕ್ಷರಗಳಿದ್ದವು.

“ಸರ, ತಪ್ಪಾಗೇತ್ರಿ. ನನಗ ಪದಕ ಬಂದಿಲ್ಲ. ಅದು ಬರೇ ಮೊದಲನೇ ಸುತ್ತಿನ ಮೂರನೇ ಜಾಗಾ.”

ಹಂಚಿನಮನಿಯವರ ಮುಖ ಸಣ್ಣದಾಯಿತು. ಬ್ಯಾನರ್ ಕಡೆ ನೋಡಿದರು, ತುಂಬಿದ ಸಭೆಯ ಕಡೆ ನೋಡಿದರು. “ಈಗೇನ್ ಮಾಡೂದವ್ವ, ಬ್ಯಾನರ್ ಆಗೇತಿ. ಸುಮ್ನ ನಮಸ್ಕಾರ ಮಾಡಿ ಇಳದು ಬಿಡು. ನಿಮ್ಮಪ್ಪ ಮುಂದ ಕುಂತಾನ, ನೋಡು.”

ಗಂಗಾಧರ ಮುಂದಿನ ಸಾಲಿನಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಅವನ ಹಿಂದೆ ಎರಡು ಸಾಲು ಅವನ ಕೆಲಸದ ಮಂದಿ.

ನನ್ನನ್ನು ಅವಳ ತಲೆಗೆ ಇಟ್ಟರು. ಎಷ್ಟೋ ತಲೆ ನೋಡಿದ್ದೇನೆ, ಅಷ್ಟು ನಡುಗುವ ತಲೆಯನ್ನು ನೋಡಿರಲಿಲ್ಲ. ಹಣೆಯ ಪಕ್ಕದ ನರ ನನ್ನ ಅಂಚಿಗೆ ಬಡಿಯುತ್ತಿತ್ತು. ಅವಳು ಸುಮ್ಮನೆ ನಮಸ್ಕರಿಸಿ ಇಳಿದರೆ ತಂದೆಯ ಬೆನ್ನು ನೆಟ್ಟಗೇ ಉಳಿಯುತ್ತದೆ. ಬಾಯಿ ತೆರೆದರೆ ಅವನು ಆ ಎರಡು ಸಾಲಿನ ಮುಂದೆ ತಲೆಯೆತ್ತುವ ಹಾಗಿಲ್ಲ. ಸುಮ್ಮನಿರು ತಾಯಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ.

ಅವಳು ಮೈಕು ಹಿಡಿದಳು.

“ಎಲ್ಲಾರಿಗೂ ನಮಸ್ಕಾರ್ರಿ. ಬ್ಯಾನರ್‌ನ್ಯಾಗ ತಪ್ಪೇತಿ. ನನಗ ಯಾವ ಪದಕಾನೂ ಬಂದಿಲ್ಲ. ಮೊದಲನೇ ಸುತ್ತಿನ್ಯಾಗ ನಾಲ್ಕು ಮಂದಿ ಇದ್ವಿ. ಒಬ್ಬಾಕಿ ತಿರುವಿನ್ಯಾಗ ಬಿದ್ಲು. ಹಂಗಾಗಿ ನಾ ಮೂರನೇದಾಕಿ. ಇಬ್ಬರಷ್ಟ ಮುಂದಿನ ಸುತ್ತಿಗೆ ಹೋದ್ರು, ನಾ ಹೋಗಲಿಲ್ಲ. ಬಿದ್ದಾಕಿನೂ ಎದ್ದು ಬಂದು ಓಟ ಮುಗಿಸಿದ್ಲು.”

ಜನ ಕತ್ತೆತ್ತಿ ಬ್ಯಾನರ್ ಓದಿದರು. ಆಮೇಲೆ ಹಿಂದಿನಿಂದ ಯಾರೋ ನಕ್ಕರು. “ಮತ್ತ ಈಕೀನ ಯಾಕ ಕರಸೀರಿ?” ಎಂದ ದನಿಯೂ ಕೇಳಿತು. ಶಾಲು ಬಿಚ್ಚಿ ಹಿಡಿದಿದ್ದ ಅಧ್ಯಕ್ಷರು ಅದನ್ನು ನಿಧಾನವಾಗಿ ಮಡಚಿಕೊಂಡರು. ಫೋಟೋಗ್ರಾಫರ್ ಕ್ಯಾಮೆರಾ ಕೆಳಗಿಳಿಸಿ ಹಂಚಿನಮನಿಯವರ ಮುಖ ನೋಡಿದ. ಹಂಚಿನಮನಿಯವರ ಕೈ ಬಂತು.

ಅಷ್ಟು ವರ್ಷ ನನ್ನನ್ನು ಫೋಟೋ ಆದ ಮೇಲೆ ತೆಗೆಯುತ್ತಿದ್ದರು. ಅವತ್ತು ಫೋಟೋಗೆ ಮೊದಲೇ ತೆಗೆದರು. ಸಭೆಯಲ್ಲಿದ್ದ ಎಲ್ಲರಿಗೂ ಆ ವ್ಯತ್ಯಾಸ ತಿಳಿಯಿತು. ತೆಗೆಯುವಾಗ ಅವಳ ಹೇರ್‌ಪಿನ್ ನನ್ನ ಜರಿಗೆ ಸಿಕ್ಕಿಕೊಂಡಿತು, ಅವರು ಎಳೆದರು, ಅವಳು ‘ಹಾ’ ಎಂದಳು. ಮೈಕಿನಲ್ಲಿ ಅದೂ ಕೇಳಿತು. ಮರುಕ್ಷಣ ನನ್ನನ್ನು ಮಂಡಳಿಗೆ ಪ್ಲಾಸ್ಟಿಕ್ ಕುರ್ಚಿ ಕೊಡಿಸಿದ ವ್ಯಾಪಾರಿಯ ತಲೆಗೆ ಇಟ್ಟರು. ಚಪ್ಪಾಳೆ ಜೋರಾಗಿ ಬಿತ್ತು. ನನಗೆ ನಾಚಿಕೆಯಿಂದ ನೆಲ ಸೇರುವಂತಾಯಿತು. ಜಾರಿ ಬಿದ್ದುಬಿಡೋಣ ಎಂದರೆ ಆ ತಲೆ ನನ್ನ ಅಳತೆಗಿಂತ ದಪ್ಪ, ಬಿಗಿಯಾಗಿ ಹಿಡಿದುಕೊಂಡಿತ್ತು.

ವೇದಿಕೆಯ ಹಿಂದೆ ನನ್ನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕುವಾಗ ತಂದೆ ಮಗಳು ಪಕ್ಕದಲ್ಲೇ ನಿಂತಿದ್ದರು. ಗಂಗಾಧರ ಅವಳ ಮುಖ ನೋಡದೆ ಹೇಳಿದ: “ಸುಮ್ನ ನಿಂತಿದ್ರ ಏನ್ ಆಗತಿತ್ತವ್ವ? ಯಾರಿಗೆ ಗೊತ್ತಾಗತಿತ್ತು?”

ಅವಳು ಸಡಿಲವಾದ ಹೇರ್‌ಪಿನ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ, “ಆ ಹಲಗೀ ತಗದು ಬಿಡಪ್ಪ. ನಾ ಇನ್ನ ಸ್ಕೇಟಿಂಗ್ ಮಾಡಂಗಿಲ್ಲ,” ಅಂದಳು.

ಅವನು ಅವಳ ಚೀಲ ಎತ್ತಿಕೊಂಡು ಹಿಂಬಾಗಿಲಿನಿಂದ ಹೊರಟ. ಕೆಲಸದ ಮಂದಿ ಮುಂಬಾಗಿಲಲ್ಲಿ ಕಾಯುತ್ತಿದ್ದರು.

ಅದಾದ ಮೇಲೆ ಯಾರ ತಲೆಯ ಮೇಲೂ ನನಗೆ ನೆಮ್ಮದಿಯಿರಲಿಲ್ಲ. ಹಂಚಿನಮನಿಯವರು ಕೆಟ್ಟವರಲ್ಲ. ಆ ಸಂಜೆ ಕಪಾಟಿನ ಬೀಗ ಹಾಕುವಾಗ ‘ಛೇ, ಛೇ’ ಎಂದು ತಮ್ಮಷ್ಟಕ್ಕೆ ಅಂದುಕೊಂಡದ್ದನ್ನು ಕೇಳಿದ್ದೇನೆ. ಆದರೆ ಆ ಛೇ ಅವಳ ಮನೆಯವರೆಗೆ ಹೋಗಲಿಲ್ಲ.

ಜರಿ ಕಪ್ಪಾಯಿತು. ಮಂಡಳಿ ಹೊಸ ಪೇಟ ತಂದಿತು. ನನ್ನನ್ನು ರುಕ್ಮಾಬಾಯಿಯವರ ಅಂಗಡಿಗೆ ದಾಟಿಸಿದರು. ನಾಟಕಕ್ಕೆ, ಶಾಲೆಯ ವೇಷಗಳಿಗೆ ಉಡುಪು ಬಾಡಿಗೆ ಕೊಡುವ ಅಂಗಡಿ ಅದು. ಕೃಷ್ಣನ ಕಿರೀಟ, ಪೊಲೀಸರ ಟೊಪ್ಪಿಗೆ, ಹುಲಿಯ ಮುಖವಾಡಗಳ ಜೊತೆ ಒಂದು ಟ್ರಂಕಿನಲ್ಲಿ ಬಿದ್ದುಕೊಂಡೆ. ಮಕ್ಕಳ ತಲೆಯ ಮೇಲೆ ಕೂತು ಮೂಗಿನ ತನಕ ಇಳಿಯುತ್ತಿದ್ದೆ. ಅಲ್ಲಿ ಸುಳ್ಳು ರಾಜರ ತಲೆಗೆ ಸುಳ್ಳು ಪೇಟ ಎಂದು ಎಲ್ಲರಿಗೂ ಗೊತ್ತು, ಅದರಿಂದ ಒಂಥರಾ ಹಗುರವೆನಿಸಿತು.

ಒಂದು ಬೆಳಿಗ್ಗೆ ಅಂಗಡಿಗೆ ಒಬ್ಬ ಬಂದ. ಕೂದಲು ನರೆತಿತ್ತು, ಆದರೆ ಅದರೊಳಗಿನ ಮರದ ಪುಡಿ ನೋಡಿ ಗುರುತು ಹಿಡಿದೆ. ಗಂಗಾಧರ. ಅವನಿಗೆ ನನ್ನ ಗುರುತು ಸಿಗಲಿಲ್ಲ. ಸನ್ಮಾನದ ಪೇಟಗಳೆಲ್ಲ ಒಂದೇ ಥರ.

“ಮಗಳು ಬರತಾಳ್ರಿ ಇವತ್ತ. ಟೇಶನ್ನಿಗೆ ಒಂದು ಪೇಟಾ ಒಯ್ಯಾಕ ಬೇಕಾಗಿತ್ತು,” ಅಂದ.

“ಸ್ಕೇಟಿಂಗ್ ಮಾಡಾಕಿನ? ಬಿಟ್ಟಾಳ ಅಂದಿದ್ರಲ್ಲ?” ಎಂದು ರುಕ್ಮಾಬಾಯಿ ಕೇಳಿದರು.

“ಬಿಟ್ಟಿದ್ಲರಿ. ಹಲಗೀ ಮುಟ್ಟಲಿಲ್ಲ. ನಾ ಅದನ್ನ ತಗೀಲೂ ಇಲ್ಲ. ಒಂದಿನ ಆಕಿ ಮನ್ಯಾಗ ಇಲ್ಲದಾಗ ನಾನ ಸಾಕ್ಸ್ ಹಾಕ್ಕೊಂಡು ಹತ್ತಿದೆ. ಏನ್ ಮಾಡತಿದ್ಲು ಇದರ ಮ್ಯಾಲೆ ಅಂತ ನೋಡಬೇಕಂದೆ. ಒಂದ ಸಲ ಜಾರಿದೆ ನೋಡ್ರಿ, ಸೊಂಟ ಹಿಡಕೊಂಡು ಕೆಳಗ ಕುಂತೆ. ಆಕಿ ಬಂದು ನೋಡಿದ್ಲು. ನಕ್ಕೋತ ನಕ್ಕೋತ ಕಣ್ಣಾಗ ನೀರು. ‘ಹಂಗಲ್ಲಪ್ಪ, ಮೊಣಕಾಲು ಬಗ್ಗಸಬೇಕು’ ಅಂದು ತಾನ ಹತ್ತಿ ತೋರಿಸಿದ್ಲು. ಅವತ್ತಿಂದ ಮತ್ತ ಚಾಲೂ.”

“ಈ ಸಲ ಏನ್ ಗೆದ್ದಾಳ?”

ಗಂಗಾಧರ ನನ್ನ ಅಂಚನ್ನು ಬೆರಳಿನಿಂದ ಸವರಿದ. “ದೊಡ್ಡ ಕೂಟಕ್ಕ ಹೋಗಿದ್ಲರಿ,” ಅಂದು ಮಾತು ತೇಲಿಸಿ ಹೊರಟ. ನನಗೆ ಎಲ್ಲ ಅರ್ಥವಾಯಿತು. ಇವತ್ತೂ ಏನೂ ಗೆದ್ದಿಲ್ಲ, ಇವನಿಗೆ ಇವತ್ತೂ ಹೇಳಲು ನಾಚಿಕೆ. ಮತ್ತೊಂದು ಸುಳ್ಳಿಗೆ ನನ್ನನ್ನು ಒಯ್ಯುತ್ತಿದ್ದಾನೆ ಎಂದು ಚೀಲದೊಳಗೆ ಮುದುಡಿಕೊಂಡೆ.

ರೈಲು ಬಂತು. ರೋಹಿಣಿ ದೊಡ್ಡ ಚೀಲ ಹೊತ್ತು ಇಳಿದಳು. ಅಪ್ಪ ಚೀಲದಿಂದ ನನ್ನನ್ನು ಹೊರತೆಗೆದದ್ದು ಕಂಡವಳೇ ಮುಖ ಕೆಂಪಾಗಿ ನಿಂತುಬಿಟ್ಟಳು.

“ಯಾಕ ತಂದಿಯಪ್ಪ ಇದನ್ನ? ಫೋನಿನ್ಯಾಗ ಹೇಳಿದ್ದೆನಲ್ಲ ಏನಾತಂತ.”

“ಗೊತ್ತೈತಿ,” ಎಂದು ಅವನು ನನ್ನನ್ನು ಅವಳ ತಲೆಗೆ ಇಟ್ಟ. ವಾರೆಯಾಗಿ ಕೂತೆ. ಜನ ತಿರುಗಿ ನೋಡತೊಡಗಿದರು. ಹಮಾಲರು ನಿಂತರು. ಅವಳ ಕೈ ನನ್ನನ್ನು ತೆಗೆಯಲು ಮೇಲೆದ್ದಿತು.

ರೈಲಿನ ಕಿಟಕಿಯ ಪಕ್ಕ ಕೂತಿದ್ದ ಹಿರಿಯರೊಬ್ಬರು ಕಂಬಿಗೆ ಮುಖ ಒತ್ತಿ ಕೇಳಿದರು: “ಏನ್ ಗೆದ್ದಾಳ್ರಿ ನಿಮ್ಮ ಮಗಳು?”

ಸುಳ್ಳು ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಬೇರೆಯಿಲ್ಲ. ಬ್ಯಾನರ್ ಇಲ್ಲ, ಪೇಪರ್ ಇಲ್ಲ. ಕೇಳಿದವರು ಇನ್ನು ಸ್ವಲ್ಪ ಹೊತ್ತಿಗೆ ಮುಂದಿನ ಊರಿಗೆ ಹೋಗಿಬಿಡುತ್ತಾರೆ. ಗಂಗಾಧರ ನೆಲ ನೋಡಿದ.

“ಏನೂ ಗೆದ್ದಿಲ್ರಿ. ಎಲ್ಲಾರಕಿಂತ ಕಡೀಗೆ ಬಂದಾಳ.”

ಅಷ್ಟರಲ್ಲಿ ರೈಲು ಕೂಗಿತು. ಹಿರಿಯರು ಕಿವಿಯ ಹಿಂದೆ ಕೈ ಇಟ್ಟು, “ಏನಂದ್ರಿ?” ಅಂದರು.

ಈಗ ಅವನು ತಲೆಯೆತ್ತಿದ. ಹಮಾಲರಿಗೆ, ಚಹಾ ಮಾರುವವನಿಗೆ, ಇಡೀ ಪ್ಲಾಟ್‌ಫಾರ್ಮಿಗೆ ಕೇಳುವಂತೆ ಕೂಗಿ ಹೇಳಿದ: “ಕಡೀಗೆ ಬಂದಾಳ್ರಿ. ಐಸಿನ ಮ್ಯಾಲೆ. ನನ್ನ ಮಗಳು.”

ರೋಹಿಣಿಯ ಕೈ ನನ್ನ ಹತ್ತಿರ ಬಂದದ್ದು ಅಲ್ಲೇ ನಿಂತಿತು. ತೆಗೆಯಲಿಲ್ಲ. ವಾರೆಯಾಗಿದ್ದ ನನ್ನನ್ನು ಸರಿಮಾಡಿಕೊಂಡಳು. ಹೊರಗಿನ ಆಟೋ ನಿಲ್ದಾಣದ ತನಕ ತಂದೆ ಮಗಳು ನಡೆದರು, ನಾನು ಅವಳ ತಲೆಯ ಮೇಲೇ ಇದ್ದೆ.

ಈಗ ನನಗೆ ವಯಸ್ಸಾಗಿದೆ. ರಟ್ಟು ಮೆತ್ತಗಾಗಿದೆ, ಸ್ಪಂಜು ಪುಡಿಯಾಗುತ್ತಿದೆ. ಬಾಡಿಗೆಗೂ ಯಾರೂ ಕೇಳುವುದಿಲ್ಲ, ಟ್ರಂಕಿನ ತಳದಲ್ಲಿದ್ದೇನೆ. ಆ ಸಭೆಯ ಸಂಜೆ ನೆನಪಾದಾಗ ಈಗಲೂ ನಾಚಿಕೆಯಾಗುತ್ತದೆ. ನಕ್ಕವರೆಲ್ಲ ಮರೆತಿರಬೇಕು, ಅವರ ಪಾಲಿನದನ್ನೂ ನಾನೇ ನಾಚುತ್ತಿದ್ದೇನೆ. ನನ್ನನ್ನು ತಲೆಗೇರಿಸುವಾಗ ಜನ ಎಂತೆಂಥ ಮಾತಾಡಿದರು. ಮಹಾನ್ ಸಾಧಕರು, ಅಪ್ರತಿಮ ಸೇವಕರು, ಊರಿನ ಕಣ್ಮಣಿಗಳು. ಅಷ್ಟು ಮಾತುಗಳಲ್ಲಿ ನಾನು ನಾಚದೆ ಕೇಳಿದ್ದು ಒಂದನ್ನೇ, ಆ ಬಡಿಗೇರ ಪ್ಲಾಟ್‌ಫಾರ್ಮಿನಲ್ಲಿ ನಿಂತು ಎರಡನೇ ಸಲ ಕೂಗಿ ಹೇಳಿದ್ದನ್ನು.