ವೈಪರ್ ಕೆಳಗಿನ ಹೂವು

ಹಾಸನದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಮನು ನನ್ನ ಕಾರಿನ ಮುಂಗಾಜಿನ ಕೆಳಗಿದ್ದ ಪ್ಲಾಸ್ಟಿಕ್ ಪಟ್ಟಿ ಕಿತ್ತು, ಒಳಗೆ ಕೈ ಹಾಕಿ, ಕಪ್ಪಗೆ ಕೊಳೆತದ್ದೇನನ್ನೋ ಒಂದು ಹಿಡಿ ತೆಗೆದ. ಏನೆಂದು ಕೇಳಬೇಕಾಗಿರಲಿಲ್ಲ. ಸೇವಂತಿಗೆ, ಕನಕಾಂಬರ. ನಮ್ಮ ಅವ್ವ ಶುಕ್ರವಾರ ಶುಕ್ರವಾರ ಕಾರಿಗೆ ಏರಿಸುತ್ತಿದ್ದ ಹೂವು.

"ಈ ಮಾಡೆಲ್ ಎಲ್ಲಾ ಇಂಗೇ ಸಾ. ನೀರು ಓಗೋ ತೂತು ಕಿರುಬೆಳ್ಳಷ್ಟೈತೆ. ಅದು ಕಟ್ಕಂಡ್ರೆ ನೀರೆಲ್ಲಾ ಸೀದಾ ಇಂಜಿನ್ ಕಂಪ್ಯೂಟರ್ ಡಬ್ಬಿ ಮ್ಯಾಲೆ. ಅದ್ನ ಅಲ್ಲೇ ಮಡಗೋ ಬುದ್ಧಿ ಯಾವನಿಗ್ ಬಂತೋ," ಅಂದ.

ಎಂಟು ತಿಂಗಳಲ್ಲಿ ಹಾಳಾದ ಎರಡನೇ ಡಬ್ಬಿ ಇದು. ಮೊದಲ ಸಲ ಇನ್ನೊಂದು ಗ್ಯಾರೇಜಿನವರು ಕಾರಣ ಹುಡುಕುವ ಗೋಜಿಗೇ ಹೋಗದೆ ಮೂವತ್ತೆಂಟು ಸಾವಿರ ಎಣಿಸಿಕೊಂಡಿದ್ದರು. ಈಗ ನಲವತ್ತೆರಡು. ತಾಲ್ಲೂಕು ಕಚೇರಿಯ ಗುಮಾಸ್ತ ನಾನು. ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ.

ಬಸ್ಸಿನಲ್ಲಿ ನಮ್ಮೂರು ಹರದನಹಳ್ಳಿಗೆ ಬರುವಾಗ ಅವ್ವನಿಗೆ ಏನು ಹೇಳುವುದು ಎಂಬುದೇ ಯೋಚನೆ. ನಮ್ಮ ಮನೆತನಕ್ಕೆ ಅದು ಮೊದಲ ಕಾರು. ಕಂಡವರ ಗದ್ದೆಯಲ್ಲಿ ನಾಟಿ ಹಾಕಿ ನನ್ನನ್ನು ಓದಿಸಿದವಳು ಅವಳು. ಶುಕ್ರವಾರ ನಾನು ಏಳುವ ಮೊದಲೇ ಕಾರಿಗೆ ನಾಲ್ಕು ಕೊಡ ನೀರು ಸುರಿದು, ಅರಿಶಿನ ಕುಂಕುಮ ಇಟ್ಟು, ವೈಪರ್ ಉದ್ದಕ್ಕೂ ಹೂ ಜೋಡಿಸುತ್ತಿದ್ದಳು. ನಾನು ಬೇಡ ಅನ್ನಲಿಲ್ಲ. ನೋಡಲು ನನಗೂ ಖುಷಿಯಾಗುತ್ತಿತ್ತು.

ನಿನ್ನ ಹೂವೇ ಕಾರು ಕೆಡಿಸಿತು ಎಂದು ಯಾವ ಬಾಯಲ್ಲಿ ಹೇಳಲಿ? ಗಾಡಿಗೆ ಏನಾಯಿತೆಂದು ಅವಳು ಬಾಗಿಲಲ್ಲೇ ಕೇಳಿದಳು. ಸುಸ್ತಾಗಿದ್ದೆ, ಬಾಯಿಗೆ ಬಂದ ಸುಳ್ಳು ಹೇಳಿಬಿಟ್ಟೆ.

"ಮೊದ್ಲೇ ಕೆಟ್ಟಿದ್ ಗಾಡಿ ಕಣವ್ವ. ಜಿತೇಂದ್ರ ಮುಚ್ಚಿಟ್ಟು ನಮ್ ತಲೆಗೆ ಕಟ್ಟವ್ನೆ."

ಜಿತೇಂದ್ರ ನನ್ನ ಕಾಲೇಜು ಗೆಳೆಯ, ಚನ್ನರಾಯಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ನನಗೆ ಮಾರುವ ತನಕ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದವನು. ಆರು ವರ್ಷದಲ್ಲಿ ಅವನಿಗೆ ಒಂದು ದಿನವೂ ತೊಂದರೆ ಕೊಟ್ಟ ಗಾಡಿಯಲ್ಲ. ಇಂಥ ದೋಷ ಇದೆಯೆಂದು ಅವನಿಗೆ ಗೊತ್ತಾಗುವುದಾದರೂ ಹೇಗೆ? ಇರಲಿ, ನನ್ನ ಮಾತು ಅವನ ಕಿವಿಗೇನು ಬೀಳುತ್ತದೆ ಎಂದುಕೊಂಡೆ.

ಭಾನುವಾರ ಸಂಜೆ ಅವನೇ ಬಂದ. ಮುಖ ಇಳಿದುಹೋಗಿತ್ತು. ನಾನು ಸ್ನಾನಕ್ಕೆ ಹೋಗಿದ್ದಾಗ ಅವ್ವ ನನ್ನ ಫೋನಿನಲ್ಲೇ ಅವನಿಗೆ ಫೋನು ಮಾಡಿದ್ದಳಂತೆ. ಬಡವರ ಹೊಟ್ಟೆ ಮೇಲೆ ಹೊಡೆದವನ ಮಕ್ಕಳಿಗೆ ಒಳ್ಳೆಯದಾಗುವುದಿಲ್ಲ ಎಂದಿದ್ದಳಂತೆ. ಅವನು ಒಂದು ಕವರನ್ನು ನನ್ನ ಮುಂದಿಟ್ಟ.

"ರಿಪೇರಿ ದುಡ್ಡಲ್ಲಿ ಅರ್ಧ ಇದೆ ನಾಗೇಶ. ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಕಣೋ. ಆದ್ರೂ ನನ್ನ ಕೈಯಿಂದ ಬಂದ ಗಾಡಿ."

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಜೈನರವನಾದ ಅವನು ಕತ್ತಲಾದ ಮೇಲೆ ಏನೂ ಮುಟ್ಟುವುದಿಲ್ಲ, ಕೊಡುವುದಾದರೆ ಹೊತ್ತು ಮುಳುಗುವ ಮೊದಲೇ ಕೊಡಬೇಕು ಎಂದು ಗೊತ್ತಿದ್ದೂ ಕಾಫಿಗೆ ಇಟ್ಟಿರಲಿಲ್ಲ. ಆ ದುಡ್ಡು ನನಗೆ ಬೇಕಿತ್ತು. ಕವರಿನ ಮೇಲೆ ಕೈಯನ್ನೂ ಇಟ್ಟಿದ್ದೆ. ಅವನ ಮುಖ ನೋಡಿದ ಮೇಲೆ ಆಗಲಿಲ್ಲ. ಹೂವು, ತೂತು, ಡಬ್ಬಿ, ನನ್ನ ಸುಳ್ಳು, ಎಲ್ಲವನ್ನೂ ಇಬ್ಬರ ಎದುರಿಗೂ ಹೇಳಿದೆ.

ಅವ್ವ ಅಡುಗೆಮನೆಯ ಬಾಗಿಲು ಬಿಟ್ಟು ಈಚೆ ಬಂದಳು.

"ಊವಿಂದ ಕೆಡ್ತದೆ ಅಂದಿದ್ರೆ ಊವು ಇಡದ ಬುಟ್ಬುಡ್ತಿದ್ದೆ ಕಣ್ಲಾ. ಅದೇನ್ ದೊಡ್ ಇಚಾರ? ಏನೂ ಅರೀದ್ ಮಕ್ಳಿಗೆ ಕೆಟ್ ಮಾತಾಡ್ಬುಟ್ನಲ್ಲಾ."

ನನ್ನನ್ನು ದಾಟಿ ಹೋಗಿ, ನನ್ನ ವಯಸ್ಸಿನ ಜಿತೇಂದ್ರನ ಮುಂದೆ ನಿಂತು ಕೈ ಮುಗಿದಳು. ಅವನು ಗಾಬರಿಯಾಗಿ ಎದ್ದು, "ಬೇಡಿ ಅಮ್ಮಾ," ಎಂದು ಅವಳ ಎರಡೂ ಕೈ ಹಿಡಿದುಕೊಂಡ. ಅವಳಿಗೆ ನೋವಾಗಬಾರದೆಂದು ನಾನು ಹೇಳಿದ ಸುಳ್ಳಿಗೆ ಅವಳು ಕ್ಷಮೆ ಕೇಳುತ್ತಿದ್ದಳು. ನಾನು ಕುರ್ಚಿಯಿಂದ ಏಳಲಾರದೆ ಕೂತೇ ಇದ್ದೆ.