ಒಂದು ಮೊಳ ನೀಲಿಯ ಓರೆಪಟ್ಟಿ

ಕೈರೋದ ಡೇರೆಗಾರರ ಬೀದಿಯಲ್ಲಿ ಹೊಲಿಯುವವರು ಜಗುಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಗಂಡಸರು. ಗಮಾಲಾತ್ ಮಾತ್ರ ಮನೆಯಲ್ಲೇ ಹೊಲಿದು ಚಿಕ್ಕಪ್ಪ ಬಸ್ಯೂನಿಯ ಅಂಗಡಿಗೆ ತಂದುಕೊಡುತ್ತಿದ್ದಳು. ಗಿರಾಕಿ "ಯಾರ ಕೈ ಇದು?" ಎಂದಾಗಲೆಲ್ಲ ಚಿಕ್ಕಪ್ಪ ಗಂಟಲು ಸರಿಪಡಿಸಿಕೊಂಡು "ಅಂಗಡೀದು" ಎನ್ನುತ್ತಿದ್ದ. ಆ ಗಂಟಲನ್ನು ಅವಳು ಹೆಂಗಸರ ನಡುವೆ ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದಳೆಂದರೆ ಚಿಕ್ಕಮ್ಮ ಒಮ್ಮೆ ಗಾಬರಿಯಾಗಿ ತಲೆಗೆ ಸೆರಗು ಎಳೆದುಕೊಂಡಿದ್ದಳು. ನಕ್ಕು ಮುಗಿದ ಮೇಲೆ ಮಾತ್ರ, ತನ್ನ ಹೆಸರು ಒಮ್ಮೆಯಾದರೂ ಆ ಗಂಟಲಿನಿಂದ ಬರಲಿ ಎನಿಸುತ್ತಿತ್ತು.

ಗುರುವಾರ ಬೆಳಿಗ್ಗೆ ಅವಳು ಹೋದಾಗ ಅಂಗಡಿ ಮಸಣದಂತಿತ್ತು. ಮದುವೆ ಡೇರೆಯ ಹಿಂಗೋಡೆಗೆ ಅಂಗಡಿಯ ಕೆಲಸಗಾರ ಶಲಬಿ ಹೊಲಿದ ದೊಡ್ಡ ನೀಲಿ ಉಂಗುರ ಸುತ್ತಲೂ ಸುಕ್ಕುಗಟ್ಟಿತ್ತು.

"ಪಟ್ಟಿ ಓರೆಯಾಗಿ ಕತ್ತರಿಸ್ದೆ ನೇರ ಕತ್ತರಿಸಿದ್ಯಾ?" ಎಂದಳು.

"ಬಟ್ಟೆ ಉಳೀತಲ್ಲ, ತಾಯಿ," ಎಂದ ಶಲಬಿ.

"ಬಟ್ಟೆ ಉಳೀತು. ಉಂಗುರ ಒಣದ್ರಾಕ್ಷಿ ಆಯ್ತು."

ಬಸ್ಯೂನಿ ಉಳಿದಿದ್ದ ನೀಲಿಯನ್ನು ತೋರಿಸಿದ. ಒಂದೇ ಒಂದು ಮೊಳದ ಚೌಕ. "ಆ ಬಣ್ಣ ಮತ್ತೆ ಸಿಗಲ್ಲ ಮಗಳೇ. ನಾಳೆ ಗಿರಾಕಿ ಜುಮ್ಮಾ ನಮಾಜು ಮುಗಿಸಿ ಬರ್ತಾರೆ. ಉಂಗುರಕ್ಕೆ ಹನ್ನೆರಡು ಮೊಳ ಬೇಕು."

"ಕರವಸ್ತ್ರದಿಂದ ಪೇಟ ಸುತ್ತೋಕಾಗುತ್ತಾ?" ಎಂದು ಶಲಬಿ ನಕ್ಕ.

ಗಮಾಲಾತ್ ಚೌಕವನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ, ಎರಡು ತ್ರಿಕೋನಗಳನ್ನು ಬೇರೆ ಅಂಚುಗಳಲ್ಲಿ ಜೋಡಿಸಿ ಹೊಲಿದಳು; ಚೌಕ ಒಂದು ಕಡೆಗೆ ವಾಲಿದ ಆಕಾರವಾಯಿತು. ಒಂದೂವರೆ ಬೆರಳಗಲಕ್ಕೆ ಗೆರೆ ಎಳೆದು, ಒಂದು ಕೊನೆಯನ್ನು ಇನ್ನೊಂದಕ್ಕಿಂತ ಒಂದು ಗೆರೆಯಷ್ಟು ಸರಿಸಿ, ಎರಡನ್ನೂ ಸೇರಿಸಿ ಹೊಲಿದಳು. ಬಟ್ಟೆ ತೋಳಿನಂತೆ ಕೊಳವೆಯಾಯಿತು. ಕತ್ತರಿ ಗೆರೆ ಹಿಡಿದು ಸುತ್ತ ತಿರುಗಿದಂತೆ, ಕಿತ್ತಳೆ ಸಿಪ್ಪೆ ಸುಲಿದ ಹಾಗೆ, ಒಂದೇ ಉದ್ದ ಪಟ್ಟಿ ಜಗುಲಿಯಿಂದ ಇಳಿದು ಅಂಗಳಕ್ಕೆ ಬಂತು. ಬಸ್ಯೂನಿ ಅಳೆದ, ಹನ್ನೆರಡು ದಾಟಿತು.

"ಹೊಲಿಯೋದು ಇಲ್ಲೇ ಆಗ್ಬೇಕು," ಎಂದಳು ಅವಳು. "ಇಷ್ಟು ದೊಡ್ಡದು ಮನೇಲಿ ಹಿಡಿಯಲ್ಲ."

ಬಸ್ಯೂನಿ ಶಲಬಿಯ ಕಡೆ ತಿರುಗಿ, "ಸ್ವಲ್ಪ ಸರ್ಕೊಳಯ್ಯ," ಎಂದ.

ಶಲಬಿಯ ಉಂಗುರವನ್ನು ಬಿಚ್ಚಿ ತೆಗೆದು, ಸಂಜೆಯವರೆಗೂ, ಮರುದಿನ ಬೆಳಗಿನಿಂದ ನಮಾಜಿನವರೆಗೂ ಅವಳು ಹೊಲಿದಳು. ಮೊದಲು ಉಂಗುರದ ಒಳಬದಿಯ ಅಂಚು, ಆಮೇಲೆ ಹೊರಗಿನದು. ಓರೆ ಬಟ್ಟೆ ಅಂಚು ಎಳೆದಂತೆ ಬಾಗಿತು. ಸುಕ್ಕಿಗೆ ನಿಲ್ಲಲು ಜಾಗವಿರಲಿಲ್ಲ.

ಗಿರಾಕಿ ಬಂದು ಉಂಗುರದ ಮೇಲೆ ಅಂಗೈ ಆಡಿಸಿದ. "ಉಸ್ತಾ," ಎಂದು ಕಸುಬಿನ ಗುರುವಿಗೆ ಸಲ್ಲುವ ಗೌರವದಿಂದ ಬಸ್ಯೂನಿಗೆ ಹೇಳಿದ, "ಈ ವಯಸ್ಸಲ್ಲೂ ನಿಮ್ಮ ಕೈ ಹೇಗಿದೆ ನೋಡಿ."

ಬಸ್ಯೂನಿ ಗಂಟಲು ಸರಿಪಡಿಸಿಕೊಂಡ. ಶಲಬಿ ಟೀ ಲೋಟದೊಳಗೆ ಏನನ್ನೋ ಹುಡುಕತೊಡಗಿದ.

"ನನ್ನ ಕೈಗೆ ಇದು ಬರಲ್ಲ, ಸಾಹೇಬ್ರೆ," ಎಂದ ಬಸ್ಯೂನಿ. "ಮಾಡಿದ್ದು ನಮ್ಮಣ್ಣನ ಮಗಳು. ಉಸ್ತಾ ಗಮಾಲಾತ್. ಅಲ್ಲೇ ಕೂತಿದ್ದಾಳೆ."

ಗಿರಾಕಿ ಅವಳತ್ತ ತಿರುಗಿ, ಎದೆಗೆ ಕೈಯಿಟ್ಟು ತಲೆಬಾಗಿಸಿದ.

ಅವಳು ಜಗುಲಿಯಿಂದ ಏಳಲಿಲ್ಲ. ಹಲ್ಲಿನಿಂದ ದಾರ ಕಡಿದು ಹೇಳಿದಳು: "ಮಡಚುವಾಗ ಉಂಗುರದ ಮೇಲೆ ಮಡಿಕೆ ಬೀಳಬಾರದು. ಸುತ್ತಿ ಒಯ್ಯಿರಿ."