ಗೌರಾಬಾಯಿಯ ಉಡಿ

ಓಟಿನ ಎಣಿಕೆಯ ದಿನ ಭಾವುಸಾಹೇಬ ಗೆದ್ದರೆ ಎರಚುವ ಗುಲಾಲನ್ನೇ ತರಿಸಿರಲಿಲ್ಲ. ಚಿಕ್ಕೋಡಿಯ ಕಾಲೇಜಿನ ಎದುರು ಜೀಪಿನಿಂದ ಇಳಿದ ಗೌರಾಬಾಯಿಯ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಎದುರಾಳಿ ರಾಜಮತಿಯ ಪೆಂಡಾಲಿನಲ್ಲಿ ಗುಲಾಲಿನ ಚೀಲಗಳು ಸಾಲಾಗಿ ಕೂತಿದ್ದವು, ಹಲಗೆಯವರು ಆಗಲೇ ಹಲಗೆ ಕಾಸುತ್ತಿದ್ದರು. ಈ ಕಡೆ ನಾಲ್ಕು ಕುರ್ಚಿ, ಒಂದು ನೀರಿನ ಕೊಡ. ಮೂರು ಸಲ ಗೆದ್ದ ಶಾಸಕಿಗೆ ಸಿಟ್ಟು ನೆತ್ತಿಗೇರಿತು.

ಭಾವುಸಾಹೇಬ ಅವಳ ಮೈದುನ. ಎಂಬತ್ಮೂರರಲ್ಲಿ, ಗಂಡ ತೀರಿಕೊಂಡ ವರ್ಷದೊಳಗೇ, ಅವಳನ್ನು ಚುನಾವಣೆಗೆ ನಿಲ್ಲಿಸಿದವನು ಅವನೇ. ಕನಿಕರದ ಓಟು, ಒಂದು ಸಲಕ್ಕೆ ಮುಗಿಯಿತು ಎಂದು ಹಿರಿಯರು ಮೀಸೆಯಡಿ ನಕ್ಕಿದ್ದರು. ಎಂಬತ್ತೈದರಲ್ಲಿ ಗೆದ್ದಳು, ಎಂಬತ್ತೊಂಬತ್ತರಲ್ಲೂ ಗೆದ್ದಳು, ನಗುವವರ ಮೀಸೆ ಬೆಳ್ಳಗಾಯಿತು. ಈ ತೊಂಬತ್ನಾಲ್ಕರಲ್ಲಿ ಮಾತ್ರ ಭಾವುಸಾಹೇಬನ ಎದೆ ಒಡೆದಿತ್ತು. ಒಡೆದದ್ದು ತೆಂಗಿನಕಾಯಿ ನೋಡಿ.

ರಾಜಮತಿ ದೊಡ್ಡ ಮನೆತನದ ಹೊಸ ಸೊಸೆ, ಹಣೆ ತುಂಬ ಕುಂಕುಮ. ಅವಳು ಪ್ರಚಾರಕ್ಕೆ ಹೋದ ಮನೆಯಲ್ಲೆಲ್ಲ ಹೆಂಗಸರು ಮಣೆ ಹಾಕಿ ಕೂಡಿಸಿ, ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದರು. ಸಂಜೆ ಅವಳ ಜೀಪು ಕಾಯಿಯ ಅಂಗಡಿಯಂತೆ ತಿರುಗಿ ಬರುತ್ತಿತ್ತು. ಅಥಣಿಯಿಂದ ನಿಪ್ಪಾಣಿಯವರೆಗೆ ಜನ ಕಾಯಿ ನೋಡಿ ಓಟಿನ ಲೆಕ್ಕ ಹಾಕಿದರು. ಉಡಿ ತುಂಬಿದ ಕೈ ಓಟು ಇನ್ನೊಬ್ಬರಿಗೆ ಹಾಕೀತೇ?

ಗೌರಾಬಾಯಿಗೆ ಇಷ್ಟು ವರ್ಷಗಳಲ್ಲಿ ಯಾರೂ ಒಮ್ಮೆಯೂ ಉಡಿ ತುಂಬಿರಲಿಲ್ಲ. ವಿಧವೆಗೆ ತುಂಬುವ ರೂಢಿಯಿಲ್ಲ. ಹೆಂಗಸರು ಮಜ್ಜಿಗೆ ಕೊಟ್ಟರು, ಕುಡುಕ ಗಂಡನ ದೂರು ಹೇಳಿದರು, ಮಗಳ ಬಾಣಂತನಕ್ಕೆ ಆಸ್ಪತ್ರೆ ಬೇಡಿದರು. ಹೊರಡುವಾಗ ಮಾತ್ರ ನೆಲ ನೋಡುತ್ತ ಕೈಮುಗಿದರು. ಪ್ರತಿ ಸಲ ಜೀಪಿನಲ್ಲಿ ಕೂತು ಅವಳು ಬರಿದಾದ ಸೆರಗನ್ನು ಸರಿಮಾಡಿಕೊಳ್ಳುತ್ತಿದ್ದಳು. ಅದು ನೋಯುತ್ತಿತ್ತು. ಸೀಟು ಹೋದರೆ ಹೋಗಲಿ, ಆ ಮನೆಗಳು ತನ್ನವಲ್ಲ ಎನ್ನುವುದು ಇವತ್ತು ಖಾತ್ರಿಯಾಗಿಬಿಟ್ಟರೆ ಏನು ಮಾಡುವುದು ಎಂಬ ಅಂಜಿಕೆ ಅವಳಿಗೆ.

ಮೊದಲ ಸುತ್ತಿನಲ್ಲಿ ರಾಜಮತಿ ಮುಂದೆ. ಎರಡನೆಯದರಲ್ಲೂ ಅವಳೇ. ಹಲಗೆ ಕಿವಿಗಡಚಿಕ್ಕಿತು. ಭಾವುಸಾಹೇಬ ಹತ್ತಿರ ಬಂದು, ಜನ ಗದ್ದಲ ಮಾಡುವ ಮೊದಲೇ ಊರಿಗೆ ಹೋಗಿಬಿಡೋಣ ಎಂದ.

"ನೀವು ಹೋಗ್ರಿ. ನಾ ಪೂರಾ ನೋಡೇ ಬರಾಕಿ," ಎಂದಳು ಗೌರಾಬಾಯಿ.

ಮಧ್ಯಾಹ್ನದ ಹೊತ್ತಿಗೆ ಅಂತರ ಕರಗತೊಡಗಿತು. ಆಮೇಲಿನ ಸುತ್ತಿಗೆ ಹಲಗೆಯ ಸದ್ದು ಸಣ್ಣಗಾಯಿತು. ಅದರಾಚೆಯದಕ್ಕೆ ಪೂರ್ತಿ ನಿಂತೇಹೋಯಿತು. ಭಾವುಸಾಹೇಬ ಕಾಲೇಜಿನ ಕಿಟಕಿಗೂ ಕುರ್ಚಿಗೂ ಓಡಾಡಿ ಚಪ್ಪಲಿ ಎಲ್ಲೋ ಕಳೆದುಕೊಂಡ. ಕೊನೆಗೆ ಧ್ವನಿವರ್ಧಕದಲ್ಲಿ ಗೌರಾಬಾಯಿಯ ಹೆಸರು ಬಂದಾಗ ಜನ ಅವಳ ಜೀಪನ್ನೇ ಎತ್ತಿಬಿಡುವವರಂತೆ ಮುಗಿಬಿದ್ದರು. ಎರಚಲು ಗುಲಾಲಿಲ್ಲ! ಯಾರೋ ರಾಜಮತಿಯ ಪೆಂಡಾಲಿಗೇ ನುಗ್ಗಿ ಚೀಲ ಹೊತ್ತು ತಂದರು. ಭಾವುಸಾಹೇಬ ನಾಚಿಕೆ ಬಿಟ್ಟು ಅದರಲ್ಲೇ ಮಿಂದ.

ಮೆರವಣಿಗೆ ಚಿಂಚಲಿ ಸೇರಿತು. ಅಲ್ಲಿ ತಾರವ್ವನ ಮನೆಯ ಮುಂದೆ ಗೌರಾಬಾಯಿ ಜೀಪು ನಿಲ್ಲಿಸಿದಳು. ತಾರವ್ವ ಓಣಿಗೆಲ್ಲ ಹಿರಿಯಳು. ರಾಜಮತಿಗೆ ಮೊದಲು ಉಡಿ ತುಂಬಿದವಳು ಅವಳೇ ಎಂದು ಭಾವುಸಾಹೇಬ ಹಲ್ಲು ಕಡಿದಿದ್ದ. ಗೆದ್ದ ಹುರುಪಿನಲ್ಲಿ ಗೌರಾಬಾಯಿಗೆ ಹನ್ನೊಂದು ವರ್ಷದ ಮಾತು ತಡೆಯಲಿಲ್ಲ. ಅಕಿಗೆ ಉಡಿ ತುಂಬಿ ನನಗ ಓಟು ಹಾಕಿದ್ರೇನು ಅತ್ತಿ ಎಂದು ಕೇಳಿಯೇಬಿಟ್ಟಳು.

ಬಾಗಿಲಿಗೆ ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸಲಾಗುತ್ತದೆಯೇ, ಉಡಿ ತುಂಬಿ ಅವಳ ಮನೆಗೆ ಅವಳನ್ನು ಕಳಿಸಿದೆವು, ಓಟಿನ ಮಾತು ಬೇರೆ ಎಂದಳು ತಾರವ್ವ. ಸುತ್ತಲಿನ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಗೌರಾಬಾಯಿ ನಗಲಿಲ್ಲ. "ನಾನೂ ಬಾಗಲಿಗೆ ಬಂದಿದ್ನಲ್ಲ ಅತ್ತಿ."

ನಗು ನಿಂತಿತು. ತಾರವ್ವ ತಡೆದು ತಡೆದು ಮಾತಾಡಿದಳು.

"ಬಂದಿದ್ದಿ ಯವ್ವಾ. ಮಂದಿ ಮುಂದ ರೂಢಿ ಮುರಿಯಾಕ ಧೈರ್ಯ ಆಗಲಿಲ್ಲ. ಓಟ ಹಾಕೂವಾಗ ಯಾರೂ ನೋಡಾಂಗಿಲ್ಲ, ಅಲ್ಲಿ ಧೈರ್ಯ ಆತು."

ಹೇಳಿದವಳೇ ಒಳಗೆ ಹೋದಳು. ಮೊರದಲ್ಲಿ ಅಕ್ಕಿ, ಕಾಯಿ, ಹಸಿರು ಖಣ ಇಟ್ಟುಕೊಂಡು ಬಂದು, ಅಂಗಳದ ನಡುವೆ, ಇಡೀ ಮೆರವಣಿಗೆ ಕಾಣುವಂತೆ ಮಣೆ ಹಾಕಿದಳು. ಊರದೇವಿ ಮಾಯಕ್ಕನ ಭಂಡಾರದ ಅರಿಷಿಣ ತೆಗೆದು ಗೌರಾಬಾಯಿಯ ಬರಿ ಹಣೆಗೆ ಹಚ್ಚಿದಳು. ಹಿರಿಯನೊಬ್ಬ ಕೆಮ್ಮಿದ. ತಾರವ್ವ ಅವನತ್ತ ತಿರುಗಿಯೂ ನೋಡಲಿಲ್ಲ.

"ಇವತ್ತ ಎಲ್ಲಾರೂ ನೋಡಲಿ," ಎಂದಳು.

ವಿಧಾನಸಭೆಯಲ್ಲಿ ಮಂತ್ರಿಗಳ ಬೆವರಿಳಿಸಿದ ಗೌರಾಬಾಯಿಗೆ ಸೆರಗು ಹೇಗೆ ಒಡ್ಡಬೇಕೆಂದೇ ಮರೆತುಹೋಗಿತ್ತು. ಪಕ್ಕದ ಹೆಂಗಸೊಬ್ಬಳು ಅದರ ಎರಡೂ ಅಂಚು ಹಿಡಿದುಕೊಟ್ಟಳು. ಅಕ್ಕಿ ಬಿತ್ತು, ಕಾಯಿ ಬಿತ್ತು. ಅಷ್ಟರಲ್ಲಿ ಎದುರುಮನೆಯವಳು ತನ್ನ ಕಾಯಿ ತರಲು ಒಳಗೆ ಓಡಿದಳು.